ಮಾನೇಸರದ ಕೈಫಿಯತ್ತು

ದಿಲ್ಲಿಯಿಂದ ಜಯಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಗುರುಗ್ರಾಮವನ್ನು ಹಿಂದಿಕ್ಕಿ ಸ್ವಲ್ಪ ದೂರ ಸಾಗಿದ ಮೇಲೆ, ಅರಾವಳಿಯ ತಗ್ಗಾದ ಗುಡ್ಡಗಳು ಬಯಲಿಗೆ ಬಂದು ಸೇರುವ ಎಡೆಯಲ್ಲಿ, ಮಾನೇಸರವೆಂಬ ಊರು ದೊರೆಯುತ್ತದೆ. ವರ್ತಮಾನಪತ್ರಿಕೆಗಳನ್ನು ಓದುವ ನಮ್ಮ ಜನಕ್ಕೆ ಅದು ಮೋಟಾರುಗಾಡಿಗಳ ಊರು. ರಾಷ್ಟ್ರೀಯ ಭದ್ರತಾ ದಳದ ಕರಿಯುಡುಪಿನ ಯೋಧರು ತರಬೇತಿ ಪಡೆಯುವ ಊರು. 2003ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ದೇಶಕ್ಕೆ ಸಮರ್ಪಿಸಿದ ಮಿದುಳು ಸಂಶೋಧನ ಕೇಂದ್ರದ ಊರು. ಇವೆಲ್ಲವೂ ಒಂದೆರಡು ತಲೆಮಾರುಗಳೊಳಗಾಗಿ ಬಂದು ನೆಲೆಸಿದುವು. ಅದಕ್ಕೆ ಮುಂಚೆ ಮಾನೇಸರ, ಕಾಸನ್, ನಾಹರ್‌ಪುರ, ಖೋಹ್, ಲಖನೌಲಾ, ನೌರಂಗಪುರ ಎಂಬ ಹಳ್ಳಿಗಳು ಸಜ್ಜೆ, ಸಾಸಿವೆ, ಕಡಲೆಗಳನ್ನು ಬೆಳೆದುಕೊಂಡು, ಮಳೆ ಕೈಕೊಟ್ಟ ವರ್ಷ ಕೆರೆಯ ಕೆಸರನ್ನೂ ಬಾವಿಯ ತಳವನ್ನೂ ನೋಡಿಕೊಂಡು, ತಮ್ಮ ಪಾಡಿಗೆ ತಾವು ಬಾಳುತ್ತಿದ್ದುವು. ಆ ಬಾಳಿನ ಚರಿತ್ರೆ ಶಿಲಾಶಾಸನಗಳಲ್ಲಾಗಲಿ ರಾಜವಂಶಗಳ ಬಖೈರುಗಳಲ್ಲಾಗಲಿ ದೊರೆಯತಕ್ಕುದಲ್ಲ. ಅದು ಇರುವುದು ಅಲ್ಲಿಯ ನಿವಾಸಿಗಳ ನೆನಪಿನಲ್ಲಿ. ಇಂಥ ಊರಿನ ನೆನಪುಗಳನ್ನು ಒಂದೆಡೆ ಕೂಡಿಸುವುದು, ಕೂಡಿಸಿದುದನ್ನು ಕೊಟ್ಟವರ ಕೈಗೇ ಮರಳಿಸುವುದು, ಇವೆರಡೂ ಒಂದೇ ಕಾರ್ಯದ ಎರಡು ಅರ್ಧಗಳೆಂದೂ, ಎರಡನೆಯದನ್ನು ಬಿಟ್ಟು ಮಾಡಿದ ಮೊದಲನೆಯದು ಅಪೂರ್ಣವೆಂದೂ ನನ್ನ ದೃಢವಾದ ನಂಬಿಕೆ.

ಈ ಕಾರ್ಯ ಕನ್ನಡನಾಡಿಗೆ ಅಪರಿಚಿತವಾದುದಲ್ಲ. ಸುಗ್ಗಿ ಮುಗಿದು ಕಣ ತುಂಬಿದ ಕಾಲದಲ್ಲಿ ಎತ್ತಿನ ಮೇಲೆ ಕುಳಿತು ಮನೆಬಾಗಿಲಿಗೆ ಬಂದು, ಮನೆತನದ ಮೂಲಪುರುಷನಿಂದ ಮೊದಲುಗೊಂಡು ನಿನ್ನೆ ಮೊನ್ನೆ ಹುಟ್ಟಿದ ಕೂಸಿನವರೆಗೆ ಹೆಸರು ಹೆಸರಾಗಿ ಹೇಳಿ, ಕಾಳುಕಡಿ ಪಡೆದು ಮುಂದಿನೂರಿಗೆ ಹೋಗುತ್ತಿದ್ದ ಹೆಳವರನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಬರೆಹದ ರೂಪದಲ್ಲಿ ಊರಿನ ನೆನಪನ್ನು ಸಂಗ್ರಹಿಸಿದ ದೊಡ್ಡ ಪ್ರಯತ್ನವೆಂದರೆ ಕರ್ನಲ್ ಕಾಲಿನ್ ಮೆಕೆಂಜಿಯದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಮೋಜಣಿಗೆ ನಿಯುಕ್ತನಾದ ಈತ ನೆಲವನ್ನು ಅಳೆಯುವುದರೊಡನೆ, ಕಾವಲಿ ವೆಂಕಟ ಬೋರಯ್ಯನೇ ಮೊದಲಾದ ದೇಶೀಯ ಸಹಾಯಕರನ್ನು ಊರೂರಿಗೂ ಕಳುಹಿಸಿ, ಶಾನುಭೋಗರನ್ನೂ ಗೌಡರನ್ನೂ ವೃದ್ಧರನ್ನೂ ಕಂಡು ಊರು ಹುಟ್ಟಿದ ಬಗೆ, ಕೆರೆ ಕಟ್ಟಿದವರ ಹೆಸರು, ಗುಡಿಯ ಮಾನ್ಯ, ಪಾಳೆಯಗಾರರ ಜಗಳ ಇವನ್ನೆಲ್ಲ ಬರೆಯಿಸಿ ತರಿಸಿದನು. ಹಾಗೆ ಬರೆಯಿಸಿದ ಒಕ್ಕಣೆಗಳೇ ಕೈಫಿಯತ್ತುಗಳು. ಕೇಳಲು ಬಂದವರು ಕಂದಾಯ ಹೆಚ್ಚಿಸುವುದಕ್ಕಾಗಿಯೇ ಕೇಳುತ್ತಿದ್ದಾರೆಂಬ ಶಂಕೆ ಅನೇಕ ಕಡೆ ಹಳ್ಳಿಗರನ್ನು ಕಾಡಿತು; ಆದರೂ ಅವರು ಹೇಳಿದರು. 1821ರಲ್ಲಿ ಮೆಕೆಂಜಿ ತೀರಿಕೊಂಡ ಬಳಿಕ ಕಂಪನಿ ಸರ್ಕಾರ ಆ ಸಂಗ್ರಹವನ್ನು ಕೊಂಡಿತು. ಒಂದು ಪಾಲು ಲಂಡನ್ನಿಗೂ ಇನ್ನೊಂದು ಪಾಲು ಮದರಾಸಿಗೂ ಸೇರಿತು. ಹೇಳಿದ ಊರಿಗೆ ಮಾತ್ರ ಏನೂ ಉಳಿಯಲಿಲ್ಲ. ಡಾ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ಕರ್ನಾಟಕದ ಕೈಫಿಯತ್ತುಗಳನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ ಪ್ರಕಟಿಸಿದಾಗ, ಸುಮಾರು ಎರಡು ಶತಮಾನಗಳ ಹಿಂದೆ ಶಾನುಭೋಗನೊಬ್ಬನು ಬರೆಯಿಸಿದ ಮಾತು ಅವನ ಊರಿನ ಮಕ್ಕಳಿಗೆ ಓದಲು ದೊರೆತಂತಾಯಿತು. ಮಾನೇಸರದಂಥ ಊರಿನ ವಿಷಯದಲ್ಲಿ ಇಷ್ಟು ವಿಳಂಬ ಸಲ್ಲದು.

ಮಾನೇಸರದ ಸೀಮೆಗೆ ಅಹೀರವಾಲವೆಂದು ಹೆಸರು. ನಮ್ಮಲ್ಲಿ ಹೆಳವರು ಹೇಗೋ ಅಲ್ಲಿ ಭಾಟರು, ಜಾಗಾಗಳು ಹಾಗೆ. ಯಜಮಾನರ ಮನೆಗೆ ಬಂದಾಗ ಇವರು ಬಟ್ಟೆಯಲ್ಲಿ ಸುತ್ತಿದ ಬಹಿ ಎಂಬ ದಾಖಲೆಪುಸ್ತಕವನ್ನು ಬಿಚ್ಚಿ ವಂಶವನ್ನು ಓದಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಳ್ಳುತ್ತಾರೆ. ಇದಕ್ಕಿಂತ ವಿಸ್ತಾರವಾದ ಇನ್ನೊಂದು ಭಂಡಾರ ಹರಿದ್ವಾರದ ಪಂಡಾಗಳೆಂಬ ತೀರ್ಥಪುರೋಹಿತರ ಬಳಿ ಇದೆ. ಅಸ್ಥಿವಿಸರ್ಜನೆಗೆಂದು ಹೋದವನನ್ನು ಪಂಡಾ ಮೊದಲು ಕೇಳುವುದು ಊರನ್ನು, ಅನಂತರ ಜಾತಿಗೋತ್ರಗಳನ್ನು. ಉತ್ತರ ದೊರೆತೊಡನೆ ಕಪಾಟಿನಿಂದ ಉದ್ದನೆಯ, ಅಗಲ ಕಡಿಮೆಯಾದ ಒಂದು ಬಹಿಯನ್ನು ಸುರುಳಿ ಬಿಡಿಸಿ, ಆ ಊರಿನ ಹಾಳೆಯನ್ನು ಹುಡುಕಿ, ಬಂದವನ ಅಜ್ಜ ಯಾವ ಸಂವತ್ಸರದಲ್ಲಿ ಯಾರ ಅಸ್ಥಿಯನ್ನು ತಂದಿದ್ದನೆಂಬುದನ್ನು ಬೆರಳಿಟ್ಟು ತೋರಿಸುತ್ತಾನೆ. ಕೆಲವೆಡೆ ಅಜ್ಜನ ಕೈಬರೆಹವೇ ಇರುವುದುಂಟು. ಅಕ್ಷರ ಬಾರದವನಾಗಿದ್ದರೆ ಹೆಬ್ಬೆರಳಿನ ಗುರುತು. ಬಂದವನು ತನ್ನ ಮಕ್ಕಳ ಹೆಸರನ್ನು ಅದರ ಕೆಳಗೆ ಬರೆದು ಸಹಿ ಮಾಡಿ ಹಿಂದಿರುಗುತ್ತಾನೆ. ಕೂಡಿಡುವುದೂ ಮರಳಿ ತೋರಿಸುವುದೂ ಒಂದೇ ಸಲಕ್ಕೆ ನಡೆಯುವ ಈ ಪದ್ಧತಿಯನ್ನು ನಾನು ಬಹಳವಾಗಿ ಗೌರವಿಸುತ್ತೇನೆ. ಆದರೆ ಈ ಬಹಿಗಳು ಹೇಳುವುದು ಬಹುಮಟ್ಟಿಗೆ ಗಂಡುಸಂತತಿಯ ಹೆಸರುಗಳನ್ನು; ಮನೆತನದ ನೆನಪು ಅದಾಗಬಹುದಲ್ಲದೆ ಊರಿನ ನೆನಪು ಆಗಲಾರದು.

ಊರಿನ ನೆಲದ ನೆನಪನ್ನು ಇರಿಸಿಕೊಂಡಿದ್ದವನು ನಮ್ಮ ಶಾನುಭೋಗನಂಥ ಪಟವಾರಿ. ಅವನ ಹತ್ತಿರ ಲಟ್ಠಾ ಎಂಬ ಬಟ್ಟೆಯ ನಕಾಶೆಯೊಂದು ಇರುತ್ತದೆ. ನೂರಾರು ಸಲ ಮಡಿಸಿ ಬಿಡಿಸಿ ಮಡಿಕೆಗಳು ಸವೆದುಹೋದ ಆ ಬಟ್ಟೆಯ ಮೇಲೆ ಇಡೀ ಹಳ್ಳಿ ಚಚ್ಚೌಕದ ಗೆರೆಗಳಲ್ಲಿ ಬಿದ್ದಿರುತ್ತದೆ. ಒಂದೊಂದು ದೊಡ್ಡ ಚೌಕ ಒಂದು ಮುರಬ್ಬಾ. ಅದರೊಳಗೆ 25 ಕಿಲ್ಲಾಗಳು. ಕಿಲ್ಲಾ ಒಂದಕ್ಕೆ ಎಂಟು ಕನಾಲು, ಎಂದರೆ ಸರಿಯಾಗಿ ಒಂದು ಎಕರೆ. ಅಂಕಿಗಳನ್ನು ಹಾಕಿರುವ ಕ್ರಮವೂ ನೋಡತಕ್ಕುದು: ಮೊದಲ ಸಾಲಿನಲ್ಲಿ 1ರಿಂದ 5, 5ರ ಕೆಳಗೇ 6 ಆರಂಭವಾಗಿ ಎರಡನೆಯ ಸಾಲು ಹಿಮ್ಮುಖವಾಗಿ 10ರವರೆಗೆ, ಮತ್ತೆ ಅದರ ಕೆಳಗೆ ಮುಮ್ಮುಖವಾಗಿ, ಉಳುವ ಎತ್ತು ಬದುವಿನ ತನಕ ಹೋಗಿ ತಿರುಗುವ ಹಾಗೆ. ಆದರೆ ಈ ಗೆರೆಗಳು ಪುರಾತನವಾದುವಲ್ಲ. ತುಂಡು ತುಂಡಾಗಿ ಚೆದುರಿದ್ದ ಹಿಡುವಳಿಗಳನ್ನು ಒಂದೆಡೆ ಕೂಡಿಸುವುದಕ್ಕಾಗಿ ಪೂರ್ವ ಪಂಜಾಬಿನಲ್ಲಿ 1948ರಲ್ಲಿ ಕಾಯಿದೆಯಾಗಿ, ಅದರಂತೆ ನಡೆದ ಚಕಬಂದಿಯ ಫಲ ಇವು. ಅದಕ್ಕೆ ಹಿಂದೆ ಹೊಲದ ಅಂಚು ಹಳ್ಳದ ಡೊಂಕನ್ನೂ ಮರಳುದಿಬ್ಬದ ಏರನ್ನೂ ಅನುಸರಿಸಿ ಹೋಗುತ್ತಿತ್ತು. ಹೊಲಕ್ಕೆ ಅಂಕಿಯಲ್ಲದೆ ಹೆಸರೂ ಇರುತ್ತಿತ್ತು. ಅರಳಿಮರದ್ದು, ಹಳೆಬಾವಿಯದ್ದು, ಜೋಹಡದ (ಕೆರೆಯ) ಕೆಳಗಿನದ್ದು ಎಂಬ ರೀತಿಯ ಹೆಸರು. ಚಕಬಂದಿಯಿಂದ ರೈತನಿಗೆ ದೊಡ್ಡ ಉಪಕಾರವಾಯಿತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಒಂದೇ ಬಾವಿಯಿಂದ ಇಡೀ ಹೊಲಕ್ಕೆ ನೀರು ಹಾಯಿಸುವುದು ಅದರಿಂದಲೇ ಸಾಧ್ಯವಾಯಿತು. ಆದರೂ ಕಾರ್ಖಾನೆ ಬಂದು ಹೊಲವನ್ನು ಅಳಿಸಿತೆಂದು ನಾವು ಹೇಳುವಾಗ, ಅದಕ್ಕೆ ಬಹಳ ಮೊದಲೇ ಹೆಸರುಗಳು ಅಂಕಿಗಳಾಗಿ ಮಾರ್ಪಟ್ಟಿದ್ದುವೆಂಬುದನ್ನು ಮರೆಯಬಾರದು. ಆ ಹೆಸರುಗಳನ್ನು ಬಲ್ಲವರು ಈಗ ಎಂಬತ್ತು ದಾಟಿದವರು. ಯಾರಾದರೂ ಈ ಕೆಲಸಕ್ಕೆ ಕೈಯಿಕ್ಕುವುದಾದರೆ, ಅವರ ಬಳಿಗೆ ಮೊದಲು ಹೋಗಲಿ; ಲಟ್ಠಾದ ಪ್ರತಿಯೊಂದನ್ನು ಮುಂದೆ ಹರಡಿ, ಇಲ್ಲಿ ಏನಿತ್ತು ತಾವೂಜೀ, ಎಂದು ಚೌಕ ಚೌಕವಾಗಿ ಕೇಳಲಿ.

ಹರಿಯಾಣ ರಾಜ್ಯ ಹುಟ್ಟಿದ್ದು 1966ರ ನವೆಂಬರ್ 1ರಂದು. ನಮ್ಮ ರಾಜ್ಯೋತ್ಸವದ ದಿನವೇ ಅವರಿಗೂ ರಾಜ್ಯೋತ್ಸವ. ಕೈಗಾರಿಕಾ ಮಾದರಿ ನಗರಕ್ಕೆಂದು ಮಾನೇಸರದ ಸುತ್ತಿನ ನೆಲವನ್ನು ಸ್ವಾಧೀನಪಡಿಸಿಕೊಳ್ಳುವ ಕೆಲಸ 1990ರ ದಶಕದಲ್ಲಿ ತೊಡಗಿತು. ಹೋಂಡಾ ಸಂಸ್ಥೆಯ ಸ್ಕೂಟರ್ ಕಾರ್ಖಾನೆ 2001ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. 2007ರ ಹೊತ್ತಿಗೆ ಮಾರುತಿ ಕಾರುಗಳ ಎರಡನೆಯ ಕಾರ್ಖಾನೆ ಇಲ್ಲಿ ನೆಲೆಯೂರಿತು. ಈ ನಡುವೆ ನಡೆದ ಒಂದು ಪ್ರಕರಣವನ್ನು ಮಾತ್ರ ತುಸು ವಿವರವಾಗಿ ಹೇಳಬೇಕು. ಮಾನೇಸರ, ಲಖನೌಲಾ, ನೌರಂಗಪುರಗಳ ಸುಮಾರು 912 ಎಕರೆ ನೆಲವನ್ನು ತೆಗೆದುಕೊಳ್ಳುವುದಾಗಿ 2004ರ ಆಗಸ್ಟಿನಲ್ಲಿ ಪ್ರಕಟಣೆ ಹೊರಟಿತು. ಸರ್ಕಾರ ಕೊಡುವ ಅಲ್ಪ ಪರಿಹಾರಕ್ಕಿಂತ ಕೈಗೆ ಬಂದಷ್ಟಾದರೂ ಮೇಲೆಂದು ಅಂಜಿ ಅನೇಕ ರೈತರು ಕಟ್ಟಡ ಕಟ್ಟುವ ಖಾಸಗಿಯವರಿಗೆ ಹೊಲವನ್ನು ಮಾರಿದರು. 2007ರ ಆಗಸ್ಟಿನಲ್ಲಿ ಸ್ವಾಧೀನದ ಸಂಕಲ್ಪವನ್ನೇ ಕೈಬಿಡಲಾಯಿತು; ಅಷ್ಟರಲ್ಲಿ ನೆಲ ಕೈದಾಟಿತ್ತು. ಆ ಕೈಬಿಟ್ಟ ಕ್ರಮವು ಅಧಿಕಾರದ ಮೋಸದ ಪ್ರಯೋಗವೆಂದು ಸರ್ವೋಚ್ಚ ನ್ಯಾಯಾಲಯ 2018ರ ಮಾರ್ಚಿ 12ರಂದು ತೀರ್ಪಿತ್ತಿತು. ತೀರ್ಪಿನಲ್ಲಿ ದಿನಾಂಕಗಳಿವೆ, ಎಕರೆಗಳಿವೆ, ಕಾಯಿದೆಯ ಪ್ರಕರಣಗಳಿವೆ. ನ್ಯಾಯಾಸ್ಥಾನಕ್ಕೆ ಬೇಕಾದುದು ಅಷ್ಟೇ. ಮಾರಬೇಕೋ ಬೇಡವೋ ಎಂದು ಮನೆಯೊಳಗೆ ಅಣ್ಣತಮ್ಮಂದಿರ ನಡುವೆ ನಡೆದ ಮಾತು, ಹುಕ್ಕಾದ ಸುತ್ತ ಚೌಪಾಲು ಎಂಬ ಊರಕಟ್ಟೆಯಲ್ಲಿ ಹಬ್ಬಿದ ಗಾಳಿಸುದ್ದಿ, ಕೊಂಡುಕೊಳ್ಳಲು ಬಂದವನು ಏನು ಹೇಳಿ ಒಪ್ಪಿಸಿದನೆಂಬುದು, ಬಂದ ದುಡ್ಡು ಯಾವ ದಾರಿಯಲ್ಲಿ ಹೋಯಿತೆಂಬುದು, ಇವು ಆ ಮೂರು ಹಳ್ಳಿಗಳ ಮನೆಮನೆಗಳಲ್ಲಿ ಮಾತ್ರ ದೊರೆಯತಕ್ಕ ಚರಿತ್ರೆ.

ಹೊರಗಿನವರು ಹಿಂದೆ ಗುಡಗಾಂವೆನಿಸಿದ್ದ ಈ ಗುರುಗ್ರಾಮ ಜಿಲ್ಲೆಯ ವಿಷಯವಾಗಿ ಬರೆದುದು ಕಡಿಮೆಯೇನಲ್ಲ. 1920ರ ದಶಕದಲ್ಲಿ ಗುಡಗಾಂವಿನ ಡೆಪ್ಯುಟಿ ಕಮಿಷನರನಾಗಿದ್ದ ಎಫ್. ಎಲ್. ಬ್ರೇನ್, ತಿಪ್ಪೆಗುಂಡಿ ತೋಡಿಸಿ, ಕಬ್ಬಿಣದ ನೇಗಿಲು ಹಂಚಿ, ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸಿರೆಂದು ಊರೂರು ಸಾರಿ, ತನ್ನ ಗ್ರಾಮೋದ್ಧಾರದ ಯತ್ನವನ್ನು 1927ರಲ್ಲಿ ಗ್ರಂಥವಾಗಿ ಹೊರತಂದನು. ಅವನ ಸದಾಶಯದಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ಪುಟಗಳಲ್ಲಿ ಮಾತಾಡುವವನು ಅವನು, ಕೇಳುವವನು ಹಳ್ಳಿಗ. ತಿಪ್ಪೆಗುಂಡಿ ತೋಡಿದವನ ಮಾತು ಅವನ ಮೊಮ್ಮಕ್ಕಳ ಬಾಯಲ್ಲಿ ಉಳಿದಿದ್ದರೆ ಉಂಟು.

ಹೆಂಗಸರ ನೆನಪಿನ ವಿಷಯಕ್ಕೆ ಬಂದರೆ, ಇದುವರೆಗೆ ಹೇಳಿದ ಯಾವ ದಾಖಲೆಯೂ ಅದರ ಹತ್ತಿರ ಸುಳಿಯುವುದಿಲ್ಲ. ಹರಿಯಾಣದ ಹಳ್ಳಿಗಳಲ್ಲಿ ಒಂದೇ ಊರಿನೊಳಗೆ ಹೆಣ್ಣು ಕೊಟ್ಟು ತರುವ ರೂಢಿಯಿಲ್ಲ. ಆದಕಾರಣ ಊರಿನ ಸೊಸೆಯರೆಲ್ಲರೂ ಪರಸ್ಥಳದಿಂದ ಬಂದವರು, ಊರಿನ ಹೆಣ್ಣುಮಕ್ಕಳೆಲ್ಲರೂ ಪರಸ್ಥಳಕ್ಕೆ ಹೋದವರು. ಮಾನೇಸರದ ಬಾಲ್ಯವನ್ನು ಬಲ್ಲ ಅಜ್ಜಿಯರನ್ನು ಹುಡುಕಬೇಕಾದರೆ ರೇವಾಡಿಗೋ ಝಜ್ಜರಕ್ಕೋ ಪಟೌಡಿಯ ಕಡೆಗೋ ಹೋಗಬೇಕಾದೀತು; ಮಾನೇಸರದಲ್ಲಿ ಕುಳಿತ ತಾಯಿಯರು ಹೇಳುವುದು ಬಂದವಳ ಕಣ್ಣಿಗೆ ಊರು ಮೊದಲು ಹೇಗೆ ಕಂಡಿತೆಂಬುದನ್ನು. ಎರಡೂ ಬೇಕು. ಹೆರಿಗೆಯಾದ ಬಾಣಂತಿ ಮನೆಯಿಂದ ಮೊದಲ ಸಲ ಹೊರಬರುವ ದಿನ ಕುವಾಪೂಜನವೆಂಬ ಆಚಾರ ಅಲ್ಲಿ ನಡೆಯುತ್ತದೆ. ನಮ್ಮ ಬಾಣಂತಿಯರ ಗಂಗೆಪೂಜೆಗೆ ಇದು ಒಡಹುಟ್ಟು. ಓಣಿಯ ಹೆಂಗಸರು ಹಾಡುತ್ತ ಮುಂದೆ ನಡೆದರೆ, ತಲೆಯ ಮೇಲೆ ಕೊಡ ಹೊತ್ತ ಬಾಣಂತಿ ಬಾವಿಯ ಕಟ್ಟೆಗೆ ಬಂದು, ಕಾಳು ಸಿಹಿಗಳನ್ನಿಟ್ಟು ಕೈಮುಗಿಯುತ್ತಾಳೆ. ಹಿಂದೆ ಗಂಡು ಹುಟ್ಟಿದಾಗ ಮಾತ್ರ ನಡೆಯುತ್ತಿದ್ದ ಈ ಪೂಜೆಯನ್ನು ಈಗೀಗ ಹೆಣ್ಣು ಹುಟ್ಟಿದಾಗಲೂ ಮಾಡುವ ಮನೆಗಳಿವೆ. ಇದು ಸಂತೋಷದ ಸಂಗತಿ. ಕಪಿಲೆ ಹೊಡೆದು ನೀರೆತ್ತುತ್ತಿದ್ದ ಕಾಲ ಹೋಗಿ, ಅಂತರ್ಜಲ ಕೆಳಗಿಳಿದು, ಬಾವಿ ಬತ್ತಿದ ಅಥವಾ ಮುಚ್ಚಿದ ಕಡೆಗಳಲ್ಲಿ ಅದೇ ಹಾಡು, ಅದೇ ಕೊಡ, ಕೈಪಂಪಿನ ಇಲ್ಲವೆ ಕೊಳಾಯಿಯ ಮುಂದೆ ನಿಲ್ಲುತ್ತವೆ. ಯಾವ ಬಾವಿ ಯಾವ ವರ್ಷ ಮುಚ್ಚಿತೆಂಬ ಲೆಕ್ಕ ಕಛೇರಿಯ ಕಡತದಲ್ಲಿ ಸಿಕ್ಕದಿದ್ದರೂ, ಹಿರಿಯ ಮಗನಿಗೆ ಬಾವಿಯಲ್ಲಿ ಪೂಜೆಯಾಯಿತು, ಕಿರಿಯವನಿಗೆ ಪಂಪಿನಲ್ಲಾಯಿತು ಎಂದು ಹೇಳಬಲ್ಲ ತಾಯಿಯೊಬ್ಬಳು ಸಿಕ್ಕರೆ ಕಾಲನಿರ್ಣಯ ಮಾಡಬಹುದು.

ನೆನಪು ಪ್ರಮಾಣವಾಗಬಲ್ಲುದೆ ಎಂದು ಕೇಳುವವರಿಗೆ ಅಹೀರವಾಲವೇ ಒಂದು ಉತ್ತರವನ್ನು ಇಟ್ಟುಕೊಂಡಿದೆ. 1962ರ ನವೆಂಬರ್ 18ರಂದು ಲಡಾಖಿನ ರೆಜಾಂಗ್ ಲಾ ಕಣಿವೆಮಾರ್ಗದಲ್ಲಿ ಮೇಜರ್ ಶೈತಾನ್ ಸಿಂಗರ ನೇತೃತ್ವದಲ್ಲಿ 13ನೆಯ ಕುಮಾವೂಂ ಪಡೆಯ ಒಂದು ಕಂಪನಿ ಚೀನೀ ಸೈನ್ಯವನ್ನು ಎದುರಿಸಿತು. ಆ ಕಂಪನಿಯ ಯೋಧರು ಗುಡಗಾಂವ್, ರೇವಾಡಿ, ಮಹೇಂದ್ರಗಢಗಳ ಸುತ್ತಿನ ಅಹೀರ ಹಳ್ಳಿಗಳವರು. ಸುಮಾರು 120 ಜನರಲ್ಲಿ 100ಕ್ಕೂ ಮಿಕ್ಕಿ ಮಡಿದರು. ಬದುಕಿ ಬಂದ ಕೆಲವರು ಹೇಳಿದುದನ್ನು ಮೊದಮೊದಲು ಕೇಳಿದವರು ನಂಬಲಿಲ್ಲ. ಮರುವರ್ಷ ಹಿಮದಲ್ಲಿ ಮೃತದೇಹಗಳು ದೊರೆತಾಗ, ಹಲವರು ಕಂದಕಗಳಲ್ಲಿ ಕೈಯಲ್ಲಿ ಆಯುಧ ಹಿಡಿದಂತೆಯೇ ಹೆಪ್ಪುಗಟ್ಟಿದ್ದರು. ಉಳಿದವರ ಬಾಯಿಮಾತು ಅಕ್ಷರಶಃ ದಿಟವಾಗಿತ್ತು. ಇಂಥ ಸೀಮೆಯಲ್ಲಿ ಮುದುಕರ ಮಾತನ್ನು ಕಟ್ಟುಕತೆಯೆಂದು ತಳ್ಳಿಹಾಕುವ ಧಾರ್ಷ್ಟ್ಯ ಯಾರಿಗೂ ಬೇಡ.

ಇಷ್ಟು ಹೇಳಿದರೂ ಮಾನೇಸರದ ನಿವಾಸಿಗಳಲ್ಲಿ ಒಂದು ಪಾಲನ್ನು ಮಾತ್ರ ಹೇಳಿದಂತಾಯಿತು. ನೆಲ ಮಾರಿದ ಮನೆಗಳು ಲಾಲ್ ಡೋರಾ ಎಂಬ ಗ್ರಾಮಠಾಣೆಯ ಗೆರೆಯೊಳಗೆ ಉಳಿದ ಜಾಗದಲ್ಲಿ ಬಾಡಿಗೆಯ ಕೊಠಡಿಗಳನ್ನು ಕಟ್ಟಿದುವು. ನಡುವೆ ಕಿರಿದಾದ ಅಂಗಳ, ಸುತ್ತ ಒಂದರ ಮಗ್ಗುಲಿಗೊಂದು ಕೋಣೆ, ಎಲ್ಲರಿಗೂ ಸೇರಿ ಒಂದೆರಡು ನಲ್ಲಿ. ಬೆಂಗಳೂರಿನ ಹಳೆಯ ವಠಾರವನ್ನು ಕಂಡವರಿಗೆ ಇದನ್ನು ವರ್ಣಿಸಬೇಕಾಗಿಲ್ಲ, ಆದರೆ ಇಲ್ಲಿ ಅದು ಮೂರು ನಾಲ್ಕು ಅಂತಸ್ತಿಗೆ ಏರಿದೆ. ಬಿಹಾರ, ಉತ್ತರಪ್ರದೇಶ, ಒಡಿಶಾಗಳಿಂದ ಬಂದ ಕಾರ್ಮಿಕರು ಒಂದೊಂದು ಕೋಣೆಯಲ್ಲಿ ಮೂವರು ನಾಲ್ವರು ಪಾಳಿಯ ಮೇಲೆ ಮಲಗೆದ್ದು ಬಾಳುತ್ತಾರೆ. ಹತ್ತು ಹದಿನೈದು ವರ್ಷ ಇಲ್ಲಿ ಕಳೆದವನಿಗೂ ಊರು ಯಾವುದೆಂದು ಕೇಳಿದರೆ ಛಪ್ರಾ ಎನ್ನುತ್ತಾನೆ, ಗೋರಖಪುರ ಎನ್ನುತ್ತಾನೆ. ಮಾನೇಸರದ ಚರಿತ್ರೆಯಲ್ಲಿ ತನಗೊಂದು ಪುಟವಿದೆಯೆಂದು ಅವನಿಗೆ ತೋರುವುದೇ ಇಲ್ಲ. ಆ ಪುಟ ನೋವಿನಿಂದ ಕೂಡಿದುದು. 2012ರ ಜುಲೈ 18ರಂದು ಮಾರುತಿ ಕಾರ್ಖಾನೆಯಲ್ಲಿ ನಡೆದ ಹಿಂಸೆಯಲ್ಲಿ ಅವನೀಶ್ ಕುಮಾರ್ ದೇವ್ ಎಂಬ ಅಧಿಕಾರಿ ಬೆಂಕಿಗೆ ಬಲಿಯಾದರು. 148 ಕಾರ್ಮಿಕರ ಮೇಲೆ ಮೊಕದ್ದಮೆ ನಡೆದು, 2017ರ ಮಾರ್ಚಿಯಲ್ಲಿ 117 ಮಂದಿ ನಿರ್ದೋಷಿಗಳೆಂದು ಬಿಡುಗಡೆಯಾದರು, 31 ಮಂದಿ ದೋಷಿಗಳೆಂದು ನಿರ್ಣಯವಾಗಿ ಅವರಲ್ಲಿ 13 ಮಂದಿಗೆ ಜೀವಾವಧಿ ಶಿಕ್ಷೆಯಾಯಿತು. ತೀರಿಹೋದವರ ಮನೆಯವರಿಗೂ ವರ್ಷಗಟ್ಟಲೆ ಸೆರೆಯಲ್ಲಿದ್ದು ನಿರ್ದೋಷಿಯೆನಿಸಿ ಹೊರಬಂದವರಿಗೂ ಆ ದಿನದ ನೆನಪು ಬೇರೆ ಬೇರೆ. ಒಂದನ್ನು ಬರೆದು ಇನ್ನೊಂದನ್ನು ಬಿಡುವ ಹಕ್ಕು ಬರೆಯುವವನಿಗೆ ಇಲ್ಲ.

ಕಾರ್ಮಿಕರ ಮಾತನ್ನು ಕೂಡಿಸಿ ಹಂಚುವ ಕೆಲಸ ನಡೆದೇ ಇಲ್ಲವೆಂದಲ್ಲ. 1982ರಲ್ಲಿ ಆರಂಭವಾದ ‘ಫರೀದಾಬಾದ್ ಮಜ್ದೂರ್ ಸಮಾಚಾರ್’ ಎಂಬ ಹಿಂದೀ ಮಾಸಿಕವು ನಾಲ್ಕು ಪುಟಗಳ ಸಾದಾ ಪತ್ರಿಕೆ. ಕಾರ್ಮಿಕರು ಹೇಳಿದುದನ್ನು ಅವರ ಮಾತಿನಲ್ಲಿಯೇ ಅಚ್ಚುಹಾಕಿ, ಪಾಳಿ ಬದಲಾಗುವ ಹೊತ್ತಿಗೆ ರಸ್ತೆಯ ಬದಿಯಲ್ಲಿ ನಿಂತು ಅದನ್ನು ಕೈಗೆ ಕೈಗೆ ಕೊಡುವುದು ಅದನ್ನು ನಡೆಸುವವರ ಪದ್ಧತಿ. ಮಾನೇಸರದ ಕಾರ್ಮಿಕರಿಗೂ ಅದು ತಲಪಿದೆ. 2009ರ ನವೆಂಬರಿನಲ್ಲಿ ಆರಂಭವಾದ ‘ಗುಡಗಾಂವ್ ಕೀ ಆವಾಜ್’ ಸಮುದಾಯ ಬಾನುಲಿಯು ರಾಗಿನಿಯೆಂಬ ಹಳ್ಳಿಯ ಹಾಡನ್ನು ಹಾಡುವವರನ್ನೂ ವಲಸೆ ಬಂದವರನ್ನೂ ಒಂದೇ ಧ್ವನಿಗ್ರಾಹಕದ ಮುಂದೆ ಕೂರಿಸಿತು. ಅದನ್ನು ನೆನೆದಾಗ ನನಗೆ ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ಬಾನುಲಿ ನೆನಪಾಗುತ್ತದೆ. ಹೇಳಿದವನೇ ಕೇಳುವವನೂ ಆಗುವ ಇಂಥ ವ್ಯವಸ್ಥೆ, ಪುಸ್ತಕಕ್ಕಿಂತ ಅಲ್ಪಾಯುವಾದರೂ, ಪುಸ್ತಕಕ್ಕಿಂತ ಪ್ರಾಮಾಣಿಕವಾದುದು. ಏಕೆಂದರೆ ತಪ್ಪು ಹೇಳಿದರೆ ಮರುದಿನವೇ ಯಾರಾದರೂ ತಿದ್ದುತ್ತಾರೆ.

ಕೂಡಿಸುವ ಕ್ರಮದ ವಿಷಯದಲ್ಲಿ ನಮ್ಮವರೇ ಒಬ್ಬರ ದೃಷ್ಟಾಂತವಿದೆ. ಮೈಸೂರಿನವರಾದ ಎಂ. ಎನ್. ಶ್ರೀನಿವಾಸರು ದಿಲ್ಲಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ವಿಭಾಗವನ್ನು ಕಟ್ಟಿ ಬೆಳೆಸಿದವರು. 1948ರಲ್ಲಿ ಮೈಸೂರಿನ ಬಳಿಯ ಹಳ್ಳಿಯೊಂದರಲ್ಲಿ ನೆಲೆಸಿ ಅವರು ಮಾಡಿಕೊಂಡ ಟಿಪ್ಪಣಿಗಳಿಂದ ಹದಗೊಳಿಸಿದ ಮೂರು ಪ್ರತಿಗಳೂ 1970ರ ಏಪ್ರಿಲಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಇಟ್ಟ ಬೆಂಕಿಗೆ ಆಹುತಿಯಾದುವು. ಅವರು ನೆನಪನ್ನೇ ನೆಚ್ಚಿ ಬರೆದರು. ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂದು ಜಗತ್ತಿನ ವಿದ್ವಾಂಸರ ಮನ್ನಣೆ ಪಡೆಯಿತು. ನೆನಪು ಕ್ರಮವಾದ ಶಾಸ್ತ್ರಕ್ಕೂ ಆಧಾರವಾದೀತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಆದರೆ ಅದು ಒಬ್ಬ ಸಮರ್ಥನ ನೆನಪು. ಮಾನೇಸರದಲ್ಲಿ ಕೂಡಬೇಕಾದುದು ಬಹುಜನರದು, ಪರಸ್ಪರ ವಿರುದ್ಧವಾದುದು. ಪರಿಹಾರದ ದುಡ್ಡಿನಿಂದ ಮನೆ ಕಟ್ಟಿದವನೂ, ಬೇರೆಯವರ ಹೊಲದಲ್ಲಿ ಕೂಲಿ ಮಾಡಿಕೊಂಡಿದ್ದು ಹೊಲ ಹೋದಾಗ ಪರಿಹಾರವೂ ಇಲ್ಲದೆ ಉಳಿದವನೂ ಒಂದೇ ಊರನ್ನು ನೆನೆಯುವುದಿಲ್ಲ. ಇಬ್ಬರ ಮಾತನ್ನೂ ಅಕ್ಕಪಕ್ಕದಲ್ಲಿ ಬರೆದಿಡಬೇಕು; ಬರೆದುದನ್ನು ಚೌಪಾಲಿನಲ್ಲಿಯೂ ವಠಾರದ ಅಂಗಳದಲ್ಲಿಯೂ ಗಟ್ಟಿಯಾಗಿ ಓದಬೇಕು; ಕೇಳಿದವರು ಮಾಡುವ ಆಕ್ಷೇಪವನ್ನು ಅಂಚಿನಲ್ಲಿ ಸೇರಿಸಬೇಕು. ನೆಲದ ಮಾತೆತ್ತಿದೊಡನೆ ಹುಟ್ಟುವ ಶಂಕೆಯನ್ನು ಹಳಿಯದೆ ತಾಳಿಕೊಳ್ಳಬೇಕು. ಮೆಕೆಂಜಿಯ ಆಳುಗಳನ್ನು ಕಂಡು ಶಂಕಿಸಿದವರಿಗೆ ಇದ್ದಷ್ಟೇ ಕಾರಣ ಮಾನೇಸರದವರಿಗೂ ಇದೆ.

ಮಾನೇಸರದ ಮಾತು ಕನ್ನಡಿಗರಿಗೇಕೆ ಎಂದರೆ, ಹೋಂಡಾ ಸಂಸ್ಥೆ ಮಾನೇಸರದ ಬಳಿಕ ರಾಜಸ್ಥಾನದ ಟಪೂಕಡಾದಲ್ಲಿಯೂ ಅನಂತರ 2013ರಲ್ಲಿ ನಮ್ಮ ಕೋಲಾರದ ನರಸಾಪುರದಲ್ಲಿಯೂ ಸ್ಕೂಟರಿನ ಕಾರ್ಖಾನೆಯನ್ನು ತೆರೆಯಿತು. ಮಾನೇಸರದಲ್ಲಿ ಸಜ್ಜೆಯ ಹೊಲಕ್ಕೆ ಆದುದೇ ನರಸಾಪುರದಲ್ಲಿ ರಾಗಿಯ ಹೊಲಕ್ಕೆ ಆಗಿದೆ. ನರಸಾಪುರದಲ್ಲಿ ಉತ್ತು ಬಿತ್ತಿದ ಕೈಗಳು ಇನ್ನೂ ಗಟ್ಟಿಯಾಗಿವೆ, ಹೊಲಗಳ ಹೆಸರುಗಳು ಇನ್ನೂ ಅವರ ನಾಲಗೆಯ ಮೇಲಿವೆ. ಕೋಲಾರದ ಕಾಲೇಜುಗಳ ಚರಿತ್ರೆಯ ವಿದ್ಯಾರ್ಥಿಗಳಿಗೆ ಇವನ್ನು ಕೂಡಿಸಲು ಒಂದು ಬೇಸಗೆಯ ರಜೆ ಸಾಕು.

ಸಂಗ್ರಹವಾದುದನ್ನು ಊರಿನಲ್ಲಿ ಎಲ್ಲಿ ಇಡಬೇಕೆಂಬ ಪ್ರಶ್ನೆ ಮಾತ್ರ ಮಾನೇಸರದಲ್ಲಿ ತುಸು ತೊಡಕಿನದು. ಗ್ರಾಮದ ಕಾಗದಪತ್ರಗಳಿಗೆ ಸಹಜವಾದ ಮನೆ ಗ್ರಾಮಪಂಚಾಯತಿ. 2020ರ ಡಿಸೆಂಬರಿನಲ್ಲಿ ಮಾನೇಸರ ಮಹಾನಗರಪಾಲಿಕೆ ರಚಿತವಾಗಿ ಸುತ್ತಿನ ಹಳ್ಳಿಗಳು ಅದರೊಳಗೆ ಸೇರಿದಮೇಲೆ ಅಲ್ಲಿ ಪಂಚಾಯತಿಗಳು ಇಲ್ಲವಾಗಿವೆ. ಪಾಲಿಕೆಯ ಕಛೇರಿಗೆ ಹೋಗಿ ಕಡತ ಕೇಳುವ ಎದೆಗಾರಿಕೆ ಕೋಣೆಯ ಬಾಡಿಗೆಯವನಿಗೆ ಇರಲಾರದು, ಮುದುಕಿಗೆ ಇರಲಾರದು. ಚೌಪಾಲು ಹಳ್ಳಿಯ ಗಂಡಸರದು. ಸರ್ಕಾರೀ ಶಾಲೆಯೊಂದೇ ಹಳೆಯ ಮನೆಯವರ ಮಗುವಿಗೂ ಛಪ್ರಾದಿಂದ ಬಂದವನ ಮಗುವಿಗೂ ಸಮಾನವಾಗಿ ಬಾಗಿಲು ತೆರೆದಿರುವ ಸ್ಥಳ. ಆದಕಾರಣ ಕೈಫಿಯತ್ತಿನ ಒಂದು ಪ್ರತಿ ಮಾನೇಸರದ ಶಾಲೆಯ ಕಪಾಟಿನಲ್ಲಿ, ಇನ್ನೊಂದು ಕಾಸನ್ನಿನದರಲ್ಲಿ, ಮತ್ತೊಂದು ನಾಹರ್‌ಪುರದ್ದರಲ್ಲಿ ಇರಲಿ. ಕಪಾಟಿಗೆ ಬೀಗ ಬೇಡ, ಪ್ರತಿಯ ಕೊನೆಯಲ್ಲಿ ಬರೆಯುವುದಕ್ಕೆ ಖಾಲಿ ಹಾಳೆಗಳನ್ನು ಸಾಕಷ್ಟು ಕಟ್ಟಿರಲಿ.